ಅಪ್ಪನಿಗೆ ನಾನು ಮಗಳೋ, ನರ್ಸೋ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ಎರಡು ತಿಂಗಳಿಂದ ಮನೆಯಲ್ಲೇ ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ನಡೆಯುತ್ತಿದೆ. ಸ್ನಾನ, ಮಾತ್ರೆ, ಬ್ಯಾಂಕು ಎಲ್ಲವೂ ನನ್ನ ಮೇಲೆಯೇ. ಮೊನ್ನೆ ಅಂಗಿಯ ಗುಂಡಿ ಹಾಕಲು ಹೋದರೆ ಕೈ ತಳ್ಳಿ, ‘ನಾನಿನ್ನೂ ಸತ್ತಿಲ್ಲ’ ಎಂದುಬಿಟ್ಟರು. ಅಮ್ಮ ಏನೂ ತೋಚದೆ ಮೂಲೆ ಹಿಡಿದಿದ್ದಾರೆ. ದೂರದಲ್ಲಿರುವ ಅಣ್ಣ ಫೋನಿನಲ್ಲೇ ಸಲಹೆ ಕೊಡುತ್ತಾನೆ. ನಾನು ಮಗಳೋ, ನರ್ಸೋ ನನಗೇ ತಿಳಿಯದಾಗಿದೆ.

ಉತ್ತರ: ಅಂಗಿಯ ಗುಂಡಿಯಿಂದಲೇ ಶುರು ಮಾಡೋಣ. ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾಗಬಹುದು, ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಸೇರಬಹುದು. ಸೇರಲಿ ಬಿಡಿ. ಕಾಯಿಲೆ ಅವರ ಯಜಮಾನಿಕೆಯನ್ನು ಕಂತು ಕಂತಾಗಿ ಕಿತ್ತುಕೊಳ್ಳುತ್ತಿದೆ. ಮೊದಲು ಕೆಲಸ ಹೋಯಿತು, ಆಮೇಲೆ ಒಬ್ಬರೇ ಹೊರಗೆ ಓಡಾಡುವುದು, ಈಗ ಬಚ್ಚಲಿಗೂ ಇನ್ನೊಬ್ಬರ ತೋಳು ಬೇಕು. ಉಳಿದ ಚೂರುಪಾರನ್ನು ಪ್ರೀತಿಯ ಅವಸರದಲ್ಲಿ ನಾವೇ ಕಸಿದುಕೊಳ್ಳುತ್ತೇವೆ.

ಕೆಲಸ ಮಾಡುವುದು ಬೇರೆ, ತೀರ್ಮಾನ ಮಾಡುವುದು ಬೇರೆ. ಬ್ಯಾಂಕಿಗೆ ನೀವೇ ಹೋಗಿ, ಆದರೆ ಯಾವ ಬಿಲ್ಲು ಮೊದಲು ಕಟ್ಟಬೇಕೆಂದು ಅವರನ್ನು ಕೇಳಿ. ‘ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ?’ ಎಂದು ವೈದ್ಯರು ಕೇಳಿದಾಗ ಮನೆಯವರು ಪಕ್ಕದಿಂದ ‘ಆರು’ ಎನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೈ ಅವರದು, ಅಂಕಿಯನ್ನೂ ಅವರೇ ಹೇಳಲಿ.

ಇನ್ನೊಂದು ಮಾತು. ಸಿಟ್ಟೆಲ್ಲ ಮನಸ್ಸಿನದೇ ಎಂದುಕೊಳ್ಳಬೇಡಿ. ಹತೋಟಿಗೆ ಬಾರದ ನೋವು, ನೋವಿಗೆ ಕೊಡುವ ಮಾರ್ಫಿನ್‌ನಿಂದಾಗುವ ಮಲಬದ್ಧತೆ, ಸ್ಟೆರಾಯ್ಡ್ ಮಾತ್ರೆ, ನಿದ್ದೆಗೇಡು, ಇವುಗಳಲ್ಲಿ ಯಾವುದಾದರೂ ಮನುಷ್ಯನನ್ನು ಸಿಡುಕನನ್ನಾಗಿ ಮಾಡಬಲ್ಲದು. ಕ್ಯಾನ್ಸರ್ ಮೂಳೆಗೆ ಹರಡಿದವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಮಂಪರು, ಗೊಂದಲ ಕಾಣಿಸಿಕೊಳ್ಳುವುದುಂಟು. ಹಾಗೇನಾದರೂ ಕಂಡರೆ ಅದೇ ದಿನ ನಿಮ್ಮ ವೈದ್ಯರಿಗೆ ತಿಳಿಸಿ.

ಈಗ ನಿಮ್ಮ ವಿಷಯ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಮೂರೂ ಕೆಲಸ ಬಲ್ಲ ಅವರೇ ರೋಗಿಯ ಸುತ್ತ ಒಂದು ತಂಡವನ್ನೇ ಕಟ್ಟಿದರು. ನೀವೋ ಒಬ್ಬರೇ ಎಲ್ಲವನ್ನೂ ಹೊತ್ತು ನಿಂತಿದ್ದೀರಿ. ಸ್ನಾನಕ್ಕೆ ನರ್ಸ್ ಅಥವಾ ಸಹಾಯಕರು ಬರಬಹುದೇ ಎಂದು ವಿಚಾರಿಸಿ. ಮಗಳ ಮುಂದೆ ಬಟ್ಟೆ ಬಿಚ್ಚುವುದಕ್ಕಿಂತ ಗುರುತಿಲ್ಲದವರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದೇ ಎಷ್ಟೋ ತಂದೆಯರಿಗೆ ಹಗುರ. ನಿಮ್ಮ ಅಪ್ಪ ಏನನ್ನುತ್ತಾರೆಂದು ಮೊದಲು ಕೇಳಿ. ಹಾಗೆ ಉಳಿದ ಹೊತ್ತಿನಲ್ಲಿ ಫೈಲು, ಮಾತ್ರೆಯ ಡಬ್ಬಿ ಎಲ್ಲ ಆಚೆಗಿಟ್ಟು ಸುಮ್ಮನೆ ಅವರ ಪಕ್ಕ ಕೂತಿರಿ. ‘ಇದೆಲ್ಲ ಬೇಗ ಮುಗಿಯಲಿ’ ಎಂದು ಮನಸ್ಸಿನಲ್ಲಿ ಸುಳಿದು, ಮರುಕ್ಷಣ ನಾಚಿಕೆಯಾಗಿರಬಹುದು. ಆರೈಕೆ ಮಾಡುವವರಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ, ಅದು ಪ್ರೀತಿ ಬತ್ತಿದ್ದರ ಲಕ್ಷಣವಲ್ಲ.

ಅಮ್ಮನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಹೆಚ್ಚು ಚಿಂತೆಯಾದದ್ದು ಅಲ್ಲೇ. ನಿಮಗೆ ಗೊತ್ತಿಲ್ಲದೆಯೇ ಅವರ ಪಾಲಿನದನ್ನೂ ನೀವೇ ಮಾಡುತ್ತಿರಬಹುದು. ಬಾಯಿ, ತುಟಿ ಒಣಗದಂತೆ ಒದ್ದೆ ಹತ್ತಿಯಿಂದ ಆಗಾಗ ಒರೆಸುವ ಕೆಲಸ ಅವರಿಗೆ ಬಿಟ್ಟುಕೊಡಿ. ಸಮಾಧಾನಕ್ಕೆ ಕೊಟ್ಟ ಕೆಲಸವಲ್ಲ ಅದು, ನಿಜವಾದ ಶುಶ್ರೂಷೆ. ರೋಗಿಯ ಮಂಚ ಮನೆಗೆ ಬಂದ ದಿನವೇ ಎಷ್ಟೋ ದಂಪತಿಗಳು ಬೇರೆ ಬೇರೆ ಮಲಗತೊಡಗುತ್ತಾರೆ. ಕೈ ಎಟುಕುವಷ್ಟು ಹತ್ತಿರದಲ್ಲಿ ಅಮ್ಮನಿಗೂ ಒಂದು ಹಾಸಿಗೆ ಹಾಕಿ.

ಅಣ್ಣನಿಗೆ ಸಲಹೆಯ ಬದಲು ಕೆಲಸ ಕೊಡಿ. ಔಷಧದ ಹಣ, ಲೆಕ್ಕಪತ್ರ ಅವನು ನೋಡಿಕೊಳ್ಳಲಿ. ಸಾಧ್ಯವಾದರೆ ಒಂದು ವಾರ ಬಂದು ಎಲ್ಲವನ್ನೂ ವಹಿಸಿಕೊಳ್ಳಲಿ, ನೀವು ನಿದ್ದೆ ಮಾಡಿ.

ಕಡೆಗೆ ಒಂದು ಪ್ರಶ್ನೆಯನ್ನು ಅಪ್ಪನ ಬುದ್ಧಿ ತಿಳಿಯಾಗಿರುವಾಗಲೇ ಕೇಳಿಬಿಡಿ: ‘ಮುಂದೆ ನಿನಗೆ ಮಾತಾಡಲು ಆಗದಿದ್ದರೆ ನಿನ್ನ ಪರವಾಗಿ ಯಾರು ತೀರ್ಮಾನಿಸಬೇಕು, ಅಪ್ಪಾ?’ ಉತ್ತರವನ್ನು ವೈದ್ಯರ ಮುಂದೆ ಬರೆದಿಡಿ. ಇಷ್ಟೆಲ್ಲ ಮಾಡಿದ ನಿಮ್ಮ ಹೆಸರು ಬಿಟ್ಟು ಅವರು ಅಮ್ಮನ ಹೆಸರು ಹೇಳಿದರೂ ಅದನ್ನೇ ಬರೆಯಿರಿ.