ಲಿಂಕ್‌ನಲ್ಲಿ ಕನ್ನಡ ಹಾಕಿದರೆ % ಗುರುತುಗಳ ಸಾಲು ಯಾಕೆ ಬರುತ್ತದೆ? ಕೆಲವು ಲಿಂಕ್ ಯಾಕೆ ತೆರೆಯುವುದೇ ಇಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಾಪೋಕ್ಲು ಕಡೆ ನಿಮ್ಮದೊಂದು ಹೋಮ್‌ಸ್ಟೇ. ಜೊತೆಗೆ ತೋಟದ ಕಾಫಿ ಪುಡಿ, ಕಾಳುಮೆಣಸು, ಜೇನು ಮಾರುವ ಸಣ್ಣ ವೆಬ್‌ಸೈಟ್. ಪುಟಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೀರಿ. ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣುವ ವಿಳಾಸವನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಮಾರುದ್ದದ % ಗುರುತುಗಳು ಬರುತ್ತವೆ. ಅದು ಸಾಲದು ಅಂತ ‘ಕಾಫಿ & ಮೆಣಸು’, ‘100% ಅರೇಬಿಕಾ’, ‘ರೂಮ್ #3’ ಪುಟಗಳು ಸರಿಯಾಗಿ ತೆರೆಯುತ್ತಲೂ ಇಲ್ಲ. ಕನ್ನಡ ಬಿಟ್ಟು ಎಲ್ಲವನ್ನೂ ಇಂಗ್ಲಿಷ್ ಮಾಡಿಬಿಡಲಾ ಅಂತ ಕೇಳಿದ್ದೀರಿ.

ಬೇಡ. ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಮೊದಲನೆಯದು ತೊಂದರೆಯೇ ಅಲ್ಲ. ಎರಡನೆಯದು ನಿಜವಾದ ತೊಂದರೆ, ಆದರೆ ಅದಕ್ಕೂ ಕನ್ನಡಕ್ಕೂ ಸಂಬಂಧ ಇಲ್ಲ. ಗೋಣಿಕೊಪ್ಪದಲ್ಲಿ ಕೂತು ಹೋಮ್‌ಸ್ಟೇಗಳ, ತೋಟದ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಈ ದೂರು ಕೇಳಿ ಕೇಳಿ ಅಭ್ಯಾಸ ಆಗಿದೆ.

ಮೊದಲು % ಸಾಲಿನ ಕಥೆ ಮುಗಿಸೋಣ. ವೆಬ್ ವಿಳಾಸದ ನಿಯಮವನ್ನು ಮೊದಲು ಬರೆದಿಟ್ಟದ್ದು 1994ರಲ್ಲಿ. ಈಗ ಎಲ್ಲರೂ ನೋಡುವುದು ಇಂಟರ್ನೆಟ್ ನಿಯಮ ಬರೆದಿಡುವ ದಾಖಲೆಗಳಲ್ಲಿ ಒಂದಾದ 2005ರ ಆರ್‌ಎಫ್‌ಸಿ 3986. ಅದರ ಪ್ರಕಾರ ವಿಳಾಸದಲ್ಲಿ ಕಣ್ಣು ಮುಚ್ಚಿ ಬಳಸಬಹುದಾದದ್ದು ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ನಾಲ್ಕೇ ನಾಲ್ಕು ಚಿಹ್ನೆಗಳು: - . _ ~. ಮಿಕ್ಕ ಕೆಲವು ಚಿಹ್ನೆಗಳಿಗೆ ವಿಳಾಸದ ಒಳಗೆ ಬೇರೆ ಕೆಲಸ ಇದೆ. ಇವೆರಡಕ್ಕೂ ಸೇರದ್ದನ್ನೆಲ್ಲ % ಹಾಕಿಯೇ ಬರೆಯಬೇಕು. ಕನ್ನಡವೂ ಅದರಲ್ಲಿ ಬಂತು, ತಮಿಳು, ಹಿಂದಿ, ಚೀನೀ ಭಾಷೆಗಳೂ ಬಂದವು.

ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕ’ ಒಂದು ಚಿಹ್ನೆ, ಅದಕ್ಕೆ ಹತ್ತಿದ ಸ್ವರ ಇನ್ನೊಂದು ಚಿಹ್ನೆ. ಒಂದು ಬೈಟಿಗೆ ಒಂದು % ಮತ್ತು ಅದರ ಮುಂದೆ ಎರಡು ಅಕ್ಷರ. ‘ಕ’ ಅಂದರೆ %ಇ0%ಬಿ2%95, ಇಲ್ಲಿ ಇ ಮತ್ತು ಬಿ ಇಂಗ್ಲಿಷಿನವು ಅಂದುಕೊಳ್ಳಿ. ಅಲ್ಲಿಗೆ ಒಂದು ಚಿಹ್ನೆಗೆ ಒಂಬತ್ತು ಅಕ್ಷರ ಆಯಿತು. ‘ಕೊಡಗು’ ಐದು ಚಿಹ್ನೆ, 45 ಅಕ್ಷರ. ‘ಮಡಿಕೇರಿ’ ಏಳು ಚಿಹ್ನೆ, 63 ಅಕ್ಷರ. ಬ್ರೌಸರ್ ಮೊದಲಿನಿಂದಲೂ ಸರ್ವರಿಗೆ, ಅಂದರೆ ನಿಮ್ಮ ಸೈಟ್ ಇರುವ ಕಂಪ್ಯೂಟರಿಗೆ, ಕಳಿಸುತ್ತಿದ್ದುದು ಇದನ್ನೇ. ನಿಮ್ಮ ಕಣ್ಣಿಗೆ ಮಾತ್ರ ಅದನ್ನು ಬಿಡಿಸಿ ಕನ್ನಡದಲ್ಲಿ ತೋರಿಸುತ್ತಿತ್ತು. ಕಾಪಿ ಮಾಡಿದಾಗ ಅಸಲು ರೂಪ ಹೊರಗೆ ಬಂತು, ಅಷ್ಟೇ. ಕನ್ನಡ ವಿಕಿಪೀಡಿಯಾದ ಪುಟದ ಲಿಂಕ್ ಕಾಪಿ ಮಾಡಿದರೂ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಉದ್ದ ಜಾಸ್ತಿ, ನೋಡಲು ಚಂದ ಇಲ್ಲ, ಆದರೆ ಲಿಂಕ್ ಸರಿಯಾಗಿಯೇ ಇರುತ್ತದೆ.

ಈಗ ನಿಜವಾದ ತಂಟೆಕೋರರು: & # ? / + %. ಇವುಗಳನ್ನು ಕಂಡರೆ ಬ್ರೌಸರ್ ಮತ್ತು ಸರ್ವರ್ ‘ಇದು ಹೆಸರಿನ ಭಾಗ’ ಅಂತ ಅಂದುಕೊಳ್ಳುವುದಿಲ್ಲ. ಅವು ವಿಳಾಸವನ್ನು ತುಂಡು ಮಾಡುವ ಗುರುತುಗಳು. ನಿಮ್ಮ ಪುಟಗಳನ್ನೇ ತೆಗೆದುಕೊಳ್ಳಿ.

‘ರೂಮ್ #3’ ಎಲ್ಲಕ್ಕಿಂತ ಮೋಸದ್ದು. # ಗುರುತಿನ ನಂತರದ ಭಾಗವನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ. ಪುಟ ಬಂದ ಮೇಲೆ ಅದರೊಳಗೆ ಯಾವ ಜಾಗಕ್ಕೆ ಜಿಗಿಯಬೇಕು ಅಂತ ನೋಡಲು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಹಾಗಾಗಿ ರೂಮ್ #1, ರೂಮ್ #2, ರೂಮ್ #3 ಮೂರೂ ಸರ್ವರಿಗೆ ಒಂದೇ ‘ರೂಮ್’. ಸರ್ವರಿನ ಲಾಗ್ ಎಷ್ಟು ಕೆದಕಿದರೂ ಆ 3 ಸಿಗುವುದಿಲ್ಲ, ಯಾಕೆಂದರೆ ಅದು ಅಲ್ಲಿಗೆ ತಲುಪಿಯೇ ಇಲ್ಲ. ವಿಳಾಸದಲ್ಲಿ # ಬೇಕೇ ಬೇಕಾದರೆ %23 ಅಂತ ಬರೆಯಬೇಕು. ನನ್ನ ಕೇಳಿದರೆ ಸುಮ್ನೆ ‘ರೂಮ್-3’ ಅಂತ ಇಡಿ.

‘ಕಾಫಿ & ಮೆಣಸು’ ಪುಟದ ಹೆಸರಾಗಿದ್ದಾಗ ಸಾಮಾನ್ಯವಾಗಿ ಪಾರಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ, ಅಂದರೆ ಪುಟದ ಹೆಸರು ಮುಗಿದು ವಿವರಗಳು ಬರುವ ಕಡೆ, ಇದ್ದರೆ ಕೆಡುತ್ತದೆ. ಅಲ್ಲಿ & ಅಂದರೆ ‘ಒಂದು ವಿವರ ಮುಗಿಯಿತು, ಇನ್ನೊಂದು ಶುರು’ ಅಂತ ಅರ್ಥ. ಆರ್ಡರ್ ಫಾರ್ಮಿಗೆ ವಸ್ತು=ಕಾಫಿ & ಮೆಣಸು ಅಂತ ಹೋದರೆ ಅಲ್ಲಿ ಸಿಗುವುದು ಬರೀ ಕಾಫಿ. ಮೆಣಸು ಒಳಗೇನೂ ಇಲ್ಲದ ಯಾವುದೋ ಹೊಸ ವಿವರವಾಗಿ ಮೂಲೆಗೆ ಬೀಳುತ್ತದೆ. ಎರರ್ ಬರುವುದಿಲ್ಲ, ನೋಡಿ. ಗಿರಾಕಿ ಫೋನ್ ಮಾಡಿ ಮೆಣಸು ಬಂದಿಲ್ಲ ಅಂದಾಗಲೇ ಗೊತ್ತಾಗುವುದು. ಇದಕ್ಕೆ %26.

‘100% ಅರೇಬಿಕಾ’ದಲ್ಲಿ % ಬಂದ ತಕ್ಷಣ ಮುಂದಿನ ಎರಡು ಅಕ್ಷರ ಕೋಡ್ ಅಂತ ಸರ್ವರ್ ಓದಲು ಹೊರಡುತ್ತದೆ. ಅಲ್ಲಿ ಕೋಡ್ ಇಲ್ಲ. ಎಷ್ಟೋ ಸರ್ವರ್‌ಗಳು ಅಲ್ಲೇ ಕೈಚೆಲ್ಲಿ 400 ಎರರ್, ಅಂದರೆ ‘ಕೇಳಿದ್ದು ಅರ್ಥವಾಗಲಿಲ್ಲ’ ಅಂತ, ಕೊಡುತ್ತವೆ. % ಚಿಹ್ನೆಯನ್ನೇ ಬರೆಯಬೇಕಾದರೆ %25.

ಚಿಕೋರಿ ಮಿಶ್ರಣಕ್ಕೆ ‘80/20’ ಅಂತ ಹೆಸರಿಟ್ಟಿದ್ದರೆ ಅದನ್ನೂ ಬದಲಿಸಿ. ಓರೆಗೆರೆ ಅಂದರೆ ಒಳಗಿನ ಫೋಲ್ಡರ್ ಅಂತ ಅರ್ಥ. ಅದನ್ನು ಕೋಡ್ ಮಾಡಿ, ಅಂದರೆ % ರೂಪಕ್ಕೆ ತಂದು, ಕಳಿಸಿದರೂ ಅಪಾಚೆ ಅನ್ನುವ ಸರ್ವರ್ ತಂತ್ರಾಂಶ ಮೂಲ ಸೆಟ್ಟಿಂಗ್‌ನಲ್ಲಿ ಒಪ್ಪುವುದಿಲ್ಲ, ‘ಪುಟ ಸಿಗಲಿಲ್ಲ’ ಅನ್ನುವ 404 ತೋರಿಸುತ್ತದೆ. ‘80-20’ ಅಂದರೆ ಯಾರಿಗೆ ನಷ್ಟ?

ಇನ್ನು + ಗುರುತು. ಇದು ಹೋಮ್‌ಸ್ಟೇಯವರಿಗೆ ಜಾಸ್ತಿ ಕಾಟ ಕೊಡುತ್ತದೆ, ಯಾಕೆಂದರೆ ಫೋನ್ ನಂಬರ್ +91ರಿಂದ ಶುರುವಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ + ಅಂದರೆ ಖಾಲಿ ಜಾಗ ಅಂತ ಹಳೆಯ ಫಾರ್ಮ್‌ಗಳ ಕಾಲದಿಂದ ನಡೆದುಬಂದ ಪದ್ಧತಿ. ಹೋದದ್ದು +91, ಸೇರಿದ್ದು ಒಂದು ಸ್ಪೇಸ್ ಮತ್ತು 91. ಆದರೆ ವಿಳಾಸದ ಮೊದಲ ಭಾಗದಲ್ಲಿ, ಅಂದರೆ ಪುಟದ ಹೆಸರಿನಲ್ಲಿ, + ಬರೀ + ಆಗಿಯೇ ಉಳಿಯುತ್ತದೆ. ಅಲ್ಲಿ ಸ್ಪೇಸ್‌ಗೆ %20 ಒಂದೇ ದಾರಿ. %20 ಎರಡೂ ಕಡೆ ನಡೆಯುತ್ತದೆ, ಹಾಗಾಗಿ ನಾನು + ಮುಟ್ಟುವುದೇ ಇಲ್ಲ. ‘ವಾಟ್ಸಾಪಿನಲ್ಲಿ ಬುಕ್ ಮಾಡಿ’ ಬಟನ್ ಇಟ್ಟಿದ್ದರೆ ಅದರಲ್ಲಿ ನಂಬರಿಗೆ + ಹಾಕಲೇಬಾರದು, 91ರಿಂದ ಶುರು ಮಾಡಿ. ಮಧ್ಯೆ ಗೆರೆ, ಬ್ರಾಕೆಟ್, ಶುರುವಿನಲ್ಲಿ ಸೊನ್ನೆ ಯಾವುದೂ ಬೇಡ.

ಹಾಗಾದರೆ ಇವನ್ನೆಲ್ಲ ಯಾರು ಕೋಡ್ ಮಾಡಬೇಕು, ಯಾವಾಗ? ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದು ಇಲ್ಲೇ. ಪ್ರತಿ ತುಂಡನ್ನೂ ಪೂರ್ತಿ ವಿಳಾಸಕ್ಕೆ ಸೇರಿಸುವ ಮುಂಚೆ ಬೇರೆ ಬೇರೆಯಾಗಿ ಕೋಡ್ ಮಾಡಬೇಕು, ಅದೂ ಒಂದೇ ಸಲ. ಎಲ್ಲ ಸೇರಿಸಿಬಿಟ್ಟು ಆಮೇಲೆ ಕೋಡ್ ಮಾಡುತ್ತೇನೆ ಅನ್ನುವುದು ಚೀಲ ಹೊಲಿದ ಮೇಲೆ ಒಳಗಿನ ಕಪ್ಪು ಬೀಜ ಆರಿಸಲು ಹೊರಟ ಹಾಗೆ. ಯಾವ & ಹೆಸರಿನದ್ದು, ಯಾವ & ವಿಳಾಸದ್ದು ಅಂತ ಆಗ ಯಾವ ಪ್ರೋಗ್ರಾಮಿಗೂ ಗೊತ್ತಾಗುವುದಿಲ್ಲ.

ನಿಮ್ಮ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಇಷ್ಟು ಹೇಳಿ. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಎರಡು ಫಂಕ್ಷನ್ ಇವೆ. ಎನ್‌ಕೋಡ್ ಯುಆರ್‌ಐ ಅನ್ನುವುದು & # ? ಯಾವುದನ್ನೂ ಮುಟ್ಟುವುದಿಲ್ಲ, ಅವು ವಿಳಾಸದ ಗುರುತುಗಳೇ ಅಂತ ನಂಬಿ ಬಿಟ್ಟುಬಿಡುತ್ತದೆ. ಒಂದೊಂದು ತುಂಡಿಗೆ ಬೇಕಾದದ್ದು ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್. ಪಿಎಚ್‌ಪಿ ಆದರೆ ರಾ ಯುಆರ್‌ಎಲ್ ಎನ್‌ಕೋಡ್. ‘ರಾ’ ಇಲ್ಲದ ಇನ್ನೊಂದು ಸ್ಪೇಸನ್ನು + ಮಾಡುತ್ತದೆ.

ಎರಡು ಸಲ ಕೋಡ್ ಆಗಿದೆಯಾ ಅಂತ ಕಂಡುಹಿಡಿಯುವುದು ಸುಲಭ. ವಿಳಾಸದಲ್ಲಿ %2520 ಕಂಡರೆ ಖಂಡಿತ ಆಗಿದೆ. %20ರಲ್ಲಿದ್ದ % ಚಿಹ್ನೆ ಮತ್ತೊಮ್ಮೆ %25 ಆಗಿ ಬದಲಾಗಿದೆ. ಕನ್ನಡ ವಿಳಾಸದಲ್ಲಾದರೆ ತುಂಬಾ %25 ಕಾಣಿಸುತ್ತವೆ. ನಮ್ಮ ಕಡೆ ಒಂದು ಬುಕಿಂಗ್ ಸೇವೆಯ ಲಿಂಕ್‌ಗಳಲ್ಲಿ ಇದು ಆಗುತ್ತಿತ್ತು. ನಮ್ಮ ಸೈಟ್ ಸರಿಯಾಗಿ ಕೋಡ್ ಮಾಡಿ ಕಳಿಸುತ್ತಿತ್ತು, ಅವರು ಅದರ ಮೇಲೆ ಇನ್ನೊಂದು ಸಲ ಮಾಡುತ್ತಿದ್ದರು. ಅಂಥ ಕಡೆ ಕೋಡ್ ಮಾಡದ ಹೆಸರನ್ನೇ ಕೊಡುವುದು ವಾಸಿ.

ನಿಮ್ಮದು ವರ್ಡ್‌ಪ್ರೆಸ್ ಸೈಟ್ ಆಗಿದ್ದರೆ ಇನ್ನೊಂದು ಗುಟ್ಟು ಇದೆ. ಇದನ್ನು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ವರ್ಡ್‌ಪ್ರೆಸ್ ಪುಟದ ಸ್ಲಗ್ (ವಿಳಾಸದ ಕೊನೆಯಲ್ಲಿ ಬರುವ ಪುಟದ ಹೆಸರು) ಅನ್ನು % ರೂಪದಲ್ಲೇ ಡೇಟಾಬೇಸಿಗೆ ಹಾಕುತ್ತದೆ. ಆ ಜಾಗದ ಮಿತಿ 200 ಅಕ್ಷರ. ಇಂಗ್ಲಿಷಿಗೆ ಬೇಕಾದಷ್ಟಾಯಿತು. ಕನ್ನಡಕ್ಕೆ ಚಿಹ್ನೆಗೆ ಒಂಬತ್ತರಂತೆ ಹೆಚ್ಚೆಂದರೆ 22 ಚಿಹ್ನೆ. ‘ಕೊಡಗಿನ-ಅರೇಬಿಕಾ-ಕಾಫಿ-ಪುಡಿ’ ಲೆಕ್ಕ ಹಾಕಿ: 21 ಚಿಹ್ನೆಗೆ 189, ಮೂರು ಅಡ್ಡಗೆರೆ ಸೇರಿ 192. ಹೇಗೋ ಹಿಡಿಯಿತು. ಕೊನೆಗೆ ‘ಬೆಲೆ’ ಅಂತ ಸೇರಿಸಿದರೆ ಆ ಪದವೇ ಸದ್ದಿಲ್ಲದೆ ಹಾರಿಹೋಗುತ್ತದೆ. ‘ಕೊಡಗಿನ ಅರೇಬಿಕಾ ಕಾಫಿ ಪುಡಿ ಬೆಲೆ’, ‘ಕೊಡಗಿನ ಅರೇಬಿಕಾ ಕಾಫಿ ಪುಡಿ ಇಡುವ ಬಗೆ’ ಅಂತ ಎರಡು ಪುಟ ಮಾಡಿದರೆ ಎರಡಕ್ಕೂ ಒಂದೇ ವಿಳಾಸ ಬಂದು, ಎರಡನೆಯದಕ್ಕೆ -2 ಅಂತ ಬಾಲ ಅಂಟುತ್ತದೆ. ಶೀರ್ಷಿಕೆ ಎಷ್ಟಾದರೂ ಉದ್ದ ಇರಲಿ. ಸ್ಲಗ್ ಮಾತ್ರ ನೀವೇ ಕೈಯಾರೆ ಚಿಕ್ಕದು ಮಾಡಿ: ‘ಕಾಫಿ-ಬೆಲೆ’, ಮುಗಿಯಿತು.

ಕನ್ನಡದಿಂದಲೇ ಬರುವ ತೊಂದರೆ ಇಲ್ಲವೇ ಇಲ್ಲ ಅಂತಲೂ ಅಲ್ಲ. ಒಂದೆರಡು ಇವೆ, ಎರಡೂ ಕಣ್ಣಿಗೆ ಕಾಣುವುದಿಲ್ಲ. ‘ಕೊಡಗು’ ಪದದ ಮೊದಲ ಅಕ್ಷರವನ್ನೇ ನೋಡಿ. ಅಲ್ಲಿರುವ ಒ ಸ್ವರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಅಂತ ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ವಿಳಾಸದಲ್ಲಿ ಮೊದಲನೆಯದು 45 ಅಕ್ಷರ, ಎರಡನೆಯದು 54. ಸರ್ವರಿಗೆ ಇವು ಬೇರೆ ಬೇರೆ ಪುಟಗಳು. ಮಡಿಕೇರಿಯ ‘ಕೇ’ಗೂ ಇದೇ ಗತಿ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲ್ ಹೆಸರನ್ನು ಹೀಗೆ ಬಿಡಿಸಿ ಇಡುತ್ತಿದ್ದವು. ಅದಕ್ಕೇ ಫೋಟೋಗ್ರಾಫರ್ ಪೆನ್‌ಡ್ರೈವಿನಲ್ಲಿ ಕೊಟ್ಟ ‘ಕೊಡಗು-ಮಳೆ’ ಚಿತ್ರ ಸೈಟಿನಲ್ಲಿ ಕಾಣಿಸದೆ ಇದ್ದರೆ ನಾನು ಮೊದಲು ಹೆಸರನ್ನು ಅಳಿಸಿ ಮತ್ತೆ ಟೈಪ್ ಮಾಡುತ್ತೇನೆ. ಪ್ರೋಗ್ರಾಮಿನಲ್ಲಿ ಸರಿಮಾಡಬೇಕಾದರೆ ಹೆಸರು ಸೇವ್ ಆಗುವ ಮುಂಚೆ ಅದನ್ನು ಬಿಡಿ ಚಿಹ್ನೆಗಳನ್ನು ಒಂದಾಗಿ ಜೋಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಆಯಿತು, ಒಂದು ಸಾಲಿನ ಕೆಲಸ.

ಎರಡನೆಯದು ‘ಹೋಮ್‌ಸ್ಟೇ’ ಒಳಗೇ ಇದೆ. ಮ್ ಅಡಿಯಲ್ಲಿ ಸ್ಟೇ ಒತ್ತಕ್ಷರವಾಗಿ ಸೇರಿಕೊಳ್ಳದೆ ಬಿಡಿಯಾಗಿ ನಿಲ್ಲಲು ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಹಾಕಿರುತ್ತೇವೆ. ಕೀಬೋರ್ಡ್ ತಾನೇ ಹಾಕಿರುತ್ತದೆ, ನಮಗೆ ಗೊತ್ತೂ ಇರುವುದಿಲ್ಲ. ಅದಕ್ಕೂ ಒಂಬತ್ತು ಅಕ್ಷರ. ಪದದ ನಡುವೆ ಇದ್ದರೆ ಹೇಗೋ ಗೊತ್ತಾಗುತ್ತದೆ. ‘ರೂಮ್’ ಅಂತ ಬರೆದು ಕೊನೆಗೆ ಅದು ಸೇರಿಕೊಂಡರೆ ಎಷ್ಟು ದಿಟ್ಟಿಸಿ ನೋಡಿದರೂ ಕಾಣುವುದಿಲ್ಲ. ಸ್ಲಗ್‌ನಲ್ಲಿ ‘ಹೋಮ್-ಸ್ಟೇ’ ಅಂತ ಅಡ್ಡಗೆರೆ ಹಾಕಿಬಿಡಿ. ಅಕ್ಷರವೂ ಬಿಡಿಯಾಗಿ ನಿಲ್ಲುತ್ತದೆ, ಗುಪ್ತ ಚಿಹ್ನೆಯೂ ಬೇಕಿಲ್ಲ.

ಡಿಟಿಪಿ ಅಂಗಡಿಯವರು ಕೊಟ್ಟ ಮೆನು ಅಥವಾ ಬೆಲೆಪಟ್ಟಿಯಿಂದ ಹೆಸರು ಕಾಪಿ ಮಾಡುತ್ತೀರಾದರೆ ಅದು ಯುನಿಕೋಡ್‌ನಲ್ಲಿ ಇದೆಯಾ ಅಂತ ನೋಡಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟಿನ ಪಠ್ಯ ಆದರೆ ವಿಳಾಸದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಮೊದಲು ಪರಿವರ್ತಿಸಿ, ಆಮೇಲೆ ಬಳಸಿ.

ಡೊಮೈನ್ ಹೆಸರೇ ಕನ್ನಡದಲ್ಲಿ ಬೇಕಾ ಅಂತಲೂ ಒಂದು ಮಾತು ಕೇಳಿದ್ದೀರಿ. ಸಿಗುತ್ತದೆ, .ಭಾರತ ಅಂತ ಕನ್ನಡ ಲಿಪಿಯಲ್ಲೇ ಕೊನೆಯಾಗುವ ಹೆಸರುಗಳಿವೆ. ಆದರೆ ಅಲ್ಲಿ % ನಡೆಯುವುದಿಲ್ಲ. ಡೊಮೈನಿಗೆ ಪ್ಯೂನಿಕೋಡ್ ಅಂತ ಬೇರೆಯೇ ಪದ್ಧತಿ ಇದೆ, ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುತ್ತದೆ. ಇಟ್ಟುಕೊಳ್ಳುವುದಾದರೆ ಎರಡನೇ ಹೆಸರಾಗಿ ಇಟ್ಟುಕೊಳ್ಳಿ. ಅದೊಂದನ್ನೇ ನಂಬಿಕೊಂಡರೆ ಎಷ್ಟೋ ಫಾರ್ಮ್‌ಗಳು ಆ ವಿಳಾಸದ ಇಮೇಲನ್ನು ಒಪ್ಪುವುದಿಲ್ಲ.

ಕಡೆಯದಾಗಿ, ಕನ್ನಡ ಎಲ್ಲಿ ಇಡಬೇಕು, ಎಲ್ಲಿ ಬೇಡ ಅನ್ನುವುದು. ಕ್ಲಿಕ್ ಮಾಡಿ ಬರುವ ಪುಟಗಳಿಗೆ ಕನ್ನಡವೇ ಇರಲಿ. ಕೈಯಲ್ಲಿ ಟೈಪ್ ಮಾಡಬೇಕಾದ, ಅಚ್ಚಾಗುವ, ಎಸ್ಎಂಎಸ್‌ನಲ್ಲಿ ಹೋಗುವ ವಿಳಾಸ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ ಇರಲಿ. ಮಳೆಗಾಲದಲ್ಲಿ ನೆಟ್ ಕೈಕೊಟ್ಟಾಗ ಬರುವ ಅತಿಥಿಗೆ ದಾರಿಯ ಲಿಂಕನ್ನು ಎಸ್ಎಂಎಸ್ ಮಾಡುತ್ತೀರಲ್ವಾ? ಕನ್ನಡ ಅಕ್ಷರ ಇರುವ ಒಂದು ಎಸ್ಎಂಎಸ್‌ಗೆ 70 ಅಕ್ಷರ ಮಿತಿ. % ರೂಪದ ‘ಮಡಿಕೇರಿ’ ಒಂದೇ ಅದರಲ್ಲಿ 63 ನುಂಗುತ್ತದೆ. ಕಾಫಿ ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್ ಕೂಡ ಅಷ್ಟೇ. ವಿಳಾಸ ಉದ್ದವಾದಷ್ಟೂ ಚೌಕಗಳು ಸಣ್ಣದಾಗಿ ಒತ್ತೊತ್ತಾಗುತ್ತವೆ, ಸುಕ್ಕಾದ ಪ್ಯಾಕೆಟ್ ಮೇಲೆ ಫೋನ್ ತಡಕಾಡುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಲಿಂಕಿನ ಮುಂದೆ ಒಂದು ಸ್ಪೇಸ್ ಬಿಡಿ, ಬ್ರಾಕೆಟ್ ಒಳಗೆ ಹಾಕಬೇಡಿ.

ಈಗಾಗಲೇ ಅಚ್ಚಾದ ಪ್ಯಾಕೆಟ್‌ಗಳನ್ನು ಎಸೆಯಬೇಕಿಲ್ಲ. ಹೆಸರು ಬದಲಿಸಿದ ಪ್ರತಿ ಪುಟದ ಹಳೆಯ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ಏರ್ಪಾಡು) ಹಾಕಿಸಿ. # ಇದ್ದ ರೂಮ್ ಪುಟಗಳಿಗೆ ಅದು ಸಾಧ್ಯವಿಲ್ಲ, ಸರ್ವರಿಗೆ ನಂಬರೇ ತಲುಪುವುದಿಲ್ಲವಲ್ಲ. ‘ರೂಮ್’ ಅನ್ನುವ ಒಂದು ಪುಟ ಮಾಡಿ, ಅದರಲ್ಲಿ ಎಲ್ಲ ರೂಮ್‌ಗಳ ಫೋಟೋ ಮತ್ತು ಹೊಸ ಲಿಂಕ್ ಹಾಕಿಬಿಡಿ. ಹಳೆಯ ಲಿಂಕ್ ಒತ್ತಿದವರು ಅಲ್ಲಿಂದ ತಮ್ಮ ರೂಮ್ ಹುಡುಕಿಕೊಳ್ಳುತ್ತಾರೆ.