ನೀವು ಕೇಳಿದ್ದು: ನೆರವು ತಡೆದರೆ ಸೈನ್ಯ ವಾಪಸ್ ಹೋಗುತ್ತಾ?

ಪ್ರಶ್ನೆ: ಪಕ್ಕದ ಕಾಂಗೋದಿಂದ ಸೈನ್ಯ ವಾಪಸ್ ಕರೆಸಿಕೊಳ್ಳಲಿ ಅಂತ 2025ರಲ್ಲಿ ಬ್ರಿಟನ್, ಜರ್ಮನಿ ರುವಾಂಡಾದ ನೆರವಿಗೆ ತಡೆ ಹಾಕಿದವು. ಸೈನ್ಯದ ತಪ್ಪಿಗೆ ಬಡವರ ಹೊಟ್ಟೆ ಮೇಲೆ ಹೊಡೆಯುವುದು ಸರಿಯಾ? ನೀವು ಅಲ್ಲಿದ್ದು ಬಂದವರು, ಅದಕ್ಕೇ ಕೇಳುತ್ತಿದ್ದೇನೆ.
– ಉಪನ್ಯಾಸಕಿ, ದಾವಣಗೆರೆ

ಉತ್ತರ: ಹೌದು ಮೇಡಂ, 2012ರಲ್ಲಿ ನಾನು ಕಾಂಗೋದ ಗಡಿ ಊರಾದ ಗೋಮಾದಲ್ಲಿದ್ದೆ. ವಿಶ್ವಸಂಸ್ಥೆಯ ಶಾಂತಿಪಡೆಗೆ ನಮ್ಮ ಸೇನೆ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಊರ ತುಂಬ ಜ್ವಾಲಾಮುಖಿ ಉಗುಳಿದ ಕರೀ ಕಲ್ಲು. ಅದರ ಮೇಲೇ ಮೂಟೆ ಹೇರಿಕೊಂಡು ಓಡುವ ಚುಕುಡು ಅನ್ನುವ ಮರದ ಗಾಡಿಗಳು. ಗಡಿಯ ಗೇಟು ದಾಟಿದರೆ ರುವಾಂಡಾದ ಗಿಸೆನ್ಯಿ. ಅಲ್ಲಿಂದ ದಿನಾ ಬೆಳಿಗ್ಗೆ ನಡೆದುಕೊಂಡು ಬಂದು ಒಬ್ಬ ಹೆಂಗಸು ಗೋಮಾದಲ್ಲಿ ತರಕಾರಿ ಮಾರುತ್ತಿದ್ದರು. ಬೆನ್ನಿಗೆ ಮಗು ಕಟ್ಟಿಕೊಂಡಿರುತ್ತಿದ್ದರು. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವರೇ.

ಆ ವರ್ಷ ನಡೆದದ್ದು ಕೇಳಿ. ಕಾಂಗೋ ಸರ್ಕಾರದ ವಿರುದ್ಧ ಹೋರಾಡುವ ಎಂ23 ಬಂಡುಕೋರರ ಹಿಂದೆ ರುವಾಂಡಾ ಇದೆ ಅಂತ ವಿಶ್ವಸಂಸ್ಥೆಯ ತಜ್ಞರು ಜೂನ್‌ನಲ್ಲಿ ಹೇಳಿದರು. ರುವಾಂಡಾ ಒಪ್ಪಲಿಲ್ಲ. ಒಂದೊಂದೇ ದೇಶ ಹಣ ತಡೆಯಿತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಮನಸ್ಸು ಬದಲಿಸಿ 1.6 ಕೋಟಿ ಪೌಂಡ್ ಕೊಟ್ಟುಬಿಟ್ಟಿತು. ನವೆಂಬರ್ 20ಕ್ಕೆ ಗೋಮಾ ಬಂಡುಕೋರರ ಪಾಲಾಯಿತು. 30ಕ್ಕೆ ಬ್ರಿಟನ್ ಮತ್ತೆ 2.1 ಕೋಟಿ ಪೌಂಡಿನ ಕಂತು ನಿಲ್ಲಿಸಿತು. ಮಾರನೇ ದಿನ ಬಂಡುಕೋರರು ಊರು ಬಿಟ್ಟು ಹೊರಟರು. ಹಣ ನಿಂತದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅಕ್ಕಪಕ್ಕದ ದೇಶಗಳೂ ಮಾತುಕತೆಗೆ ಕೂತಿದ್ದವು. ಆದರೆ ಆಗ ರುವಾಂಡಾದ ಬಜೆಟ್ಟಿನಲ್ಲಿ ಸುಮಾರು 40% ಹೊರಗಿನವರು ಕೊಟ್ಟ ಹಣ. ಅಷ್ಟಕ್ಕೆ ಕುತ್ತು ಬಂದರೆ ಯಾವ ಸರ್ಕಾರಕ್ಕಾದರೂ ಬಿಸಿ ತಟ್ಟುತ್ತೆ, ಅಲ್ವಾ?

2025ರ ಜನವರಿಯಲ್ಲಿ ಗೋಮಾ ಮತ್ತೆ ಎಂ23 ಕೈಗೆ ಬಿತ್ತು. ರುವಾಂಡಾದ 3ರಿಂದ 4 ಸಾವಿರ ಸೈನಿಕರು ಕಾಂಗೋದ ಒಳಗಿದ್ದಾರೆ ಅಂತ ತಜ್ಞರು ಹಿಂದಿನ ವರ್ಷವೇ ಬರೆದಿದ್ದರು. ಅದೇ 2024ರ ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟ ರುವಾಂಡಾ ಜತೆ ಖನಿಜದ ಒಪ್ಪಂದ ಮಾಡಿಕೊಂಡಿತ್ತು. ನವೆಂಬರ್‌ನಲ್ಲಿ ಮೊಜಾಂಬಿಕ್‌ನಲ್ಲಿ ಉಗ್ರರ ವಿರುದ್ಧ ಹೋರಾಡುತ್ತಿದ್ದ ರುವಾಂಡಾ ಪಡೆಗೆ 2 ಕೋಟಿ ಯೂರೋ ಕೊಟ್ಟಿತು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಇಷ್ಟೆಲ್ಲ ಕೊಟ್ಟ ಮೇಲೆ, ಗೋಮಾ ಬಿದ್ದು ತಿಂಗಳಾದ ಮೇಲೆ ನೆರವು ತಡೆದರೆ ಯಾರು ಹೆದರುತ್ತಾರೆ?

1994ರಲ್ಲಿ ನರಮೇಧ ಮಾಡಿದವರ ಕಡೆಯವರು ಕಾಂಗೋದಲ್ಲಿ ಅಡಗಿದ್ದಾರೆ ಅಂತ ರುವಾಂಡಾ ಹೇಳುತ್ತದೆ. ಆ ಭಯ ಸುಳ್ಳಲ್ಲ. ಎಂಟು ಲಕ್ಷ ಜನ ಸತ್ತ ದೇಶ ಅದು. ಆದರೆ 2024ರಲ್ಲಿ ಎಂ23 ಕಾಂಗೋದ ರುಬಾಯಾ ಗಣಿಯನ್ನು ಹಿಡಿದು ಕುಳಿತದ್ದಕ್ಕೆ ಆ ಭಯ ಕಾರಣ ಅಂದರೆ ನಾನು ನಂಬುವುದಿಲ್ಲ. ನಮ್ಮ ಮೊಬೈಲಿಗೆ ಬೇಕಾದ ಕೋಲ್ಟಾನ್ ಅದಿರು ಅಲ್ಲಿ ಸಿಗುತ್ತದೆ. ಅದರ ಸುಂಕದಿಂದಲೇ ಎಂ23ಕ್ಕೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತಿತ್ತು ಎನ್ನುವುದು ತಜ್ಞರ 2024ರ ಲೆಕ್ಕ.

ಹಾಗಾಗಿ ನಾನು ಷರತ್ತಿನ ಪರ. ಆದರೆ ಮೊದಲು ನಿಲ್ಲಬೇಕಾದದ್ದು ಸೈನ್ಯಕ್ಕೆ ಹೋಗುವ ಹಣ, ಖನಿಜದ ವ್ಯಾಪಾರ, ಲೆಕ್ಕ ಕೇಳದೆ ನೇರ ಬೊಕ್ಕಸಕ್ಕೆ ಸುರಿಯುವ ನೆರವು. ಲಸಿಕೆಗೆ, ಶಾಲೆಗೆ ಕೈ ಹಾಕಬಾರದು. ಬ್ರಿಟನ್ 2025ರಲ್ಲಿ ಕಡುಬಡವರಿಗೆ ಹೋಗುವ ಹಣವನ್ನು ತಡೆಯಿಂದ ಹೊರಗಿಟ್ಟಿತು. ಅಷ್ಟು ಸರಿ ಮಾಡಿತು. ಗಿಸೆನ್ಯಿಯ ಆ ಹೆಂಗಸಿನ ಮಗುವಿನ ಸೂಜಿಮದ್ದು ನಿಲ್ಲಿಸಿ ಯಾವ ಸೈನಿಕನನ್ನೂ ವಾಪಸ್ ಕರೆಸಲು ಆಗುವುದಿಲ್ಲ.

ಪ್ರಶ್ನೆ: ಇಂಥ ಷರತ್ತಿಗೆ ಬೇರೆ ಎಲ್ಲಾದರೂ ಫಲ ಸಿಕ್ಕಿದೆಯಾ?
– ಓದುಗರು, ಹುಬ್ಬಳ್ಳಿ

ಉತ್ತರ: ಸಿಕ್ಕಿದೆ. ಸೋವಿಯತ್ ಒಕ್ಕೂಟ ಒಡೆದ ಮೇಲೂ ರಷ್ಯಾದ ಸೈನ್ಯ ಲಾಟ್ವಿಯಾ, ಎಸ್ಟೋನಿಯಾದಲ್ಲಿ ಉಳಿದಿತ್ತು. ಅದನ್ನು ವಾಪಸ್ ಕರೆಸಿಕೊಂಡರೆ ಮಾತ್ರ ರಷ್ಯಾಕ್ಕೆ ನೆರವು ಅಂತ ಅಮೆರಿಕದ ಸಂಸತ್ತು ಪಟ್ಟು ಹಿಡಿಯಿತು. 1994ರ ಆಗಸ್ಟ್ 31ಕ್ಕೆ ಸೈನ್ಯ ಹೊರಟಿತು. ಆದರೆ ಅಮೆರಿಕ ಸುಮ್ನೆ ಷರತ್ತು ಹಾಕಿ ಕೂರಲಿಲ್ಲ. ಹಿಂದಿರುಗುವ ಅಧಿಕಾರಿಗಳಿಗೆ ರಷ್ಯಾದಲ್ಲಿ ಮನೆ ಮಾಡಿಕೊಡಲೂ ಹಣ ಕೊಟ್ಟಿತು. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಕ್ವಾರ್ಟರ್ಸ್ ಸಿಗದೆ ಹೆಂಡತಿ ಮಕ್ಕಳನ್ನು ಅರಸೀಕೆರೆಯಲ್ಲೇ ಬಿಟ್ಟು ಐದು ಪೋಸ್ಟಿಂಗ್ ಕಳೆದವನು ನಾನು. ಹೋಗಿ ಇಳಿಯಲು ಒಂದು ಸೂರಿದೆ ಅಂತ ಗೊತ್ತಾದರೆ ಟ್ರಂಕು ಕಟ್ಟುವುದು ಎಷ್ಟು ಸಲೀಸು ಅಂತ ನನಗೆ ಗೊತ್ತು.