ಮಾಯೆಯ ಊರು ಬೇಕಿದ್ದರೆ ಮೋರೇರ ಗುಡ್ಡ ಹತ್ತಿ

ಹದಿನಾಲ್ಕು-ಹದಿನೈದರ ಮಕ್ಕಳಿಗೆ ಡಾರ್ಕ್ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೀರಿ, ಆದರೆ ನಿಮ್ಮ ಮಾಯೆಯ ಊರು ಎಷ್ಟು ಬರೆದರೂ ಮಂಜು ಮುಸುಕಿದ ವಿಲಾಯತಿ ಕೋಟೆಯೇ ಆಗುತ್ತಿದೆ, ನಮ್ಮ ಕಡೆ ಅಂಥ ಜಾಗ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಗಂಗಾವತಿಯವಳು. ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಹೋದರೆ ಹಿರೇಬೆಣಕಲ್, ಅಲ್ಲಿನ ಮೋರೇರ ಗುಡ್ಡ.

ಗುಡ್ಡದ ಮೇಲೆ ಸುಮಾರು 400 ಕಲ್ಲಿನ ಗೋರಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಚಪ್ಪಡಿಗಳನ್ನೇ ಗೋಡೆ ಮಾಡಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಥೇಟ್ ಮನೆಗಳು, ನಡುವೆ ನಡೆದರೆ ಓಣಿಯಲ್ಲಿ ಹೋದ ಹಾಗೆ. ಕೆಲವು ಮನೆಗಳ ಗೋಡೆಯಲ್ಲಿ ದುಂಡನೆಯ ಕಿಂಡಿ ಇದೆ. ದೊಡ್ಡವರು ಮೈ ಮುದುಡಬೇಕು, ಮಗು ಸಲೀಸಾಗಿ ನುಸುಳುತ್ತದೆ. ಬಂಡೆ ಕಾದು ಅಂಗಾಲು ಸುಡುವ ಹೊತ್ತಲ್ಲಿ ಅದರೊಳಗೆ ಕೈ ಚಾಚಿದರೆ ತಣ್ಣಗಿರುತ್ತದೆ.

ಅಜ್ಜಿ ಹೇಳುತ್ತಿದ್ದಳು: "ಮೋರೇರು ಅಂದ್ರ ಕುಳ್ಳ ಮಂದಿ. ಬೆಂಕಿ ಮಳಿ ಬಂತು, ಎಲ್ಲಾರೂ ಕಲ್ಲಿನ ಮನ್ಯಾಗ ಹೊಕ್ಕೊಂಡ್ರು." ನನಗೆ ಹೆದರಿಕೆ ಆಗುತ್ತಿದ್ದದ್ದು ಬೆಂಕಿಯಿಂದಲ್ಲ. ಹೊಕ್ಕವರು ಆಮೇಲೆ ಹೊರಗೆ ಬಂದ್ರಾ ಅಂತ ಕೇಳಿದರೆ ಅಜ್ಜಿ ಉಣ್ಣು ಬಾ ಅಂತ ಎದ್ದುಬಿಡುತ್ತಿದ್ದಳು.

ನನ್ನ ಮಾತು ಇಷ್ಟೇ. ನಿಮ್ಮ ಊರಿಗೆ ಒಂದು ಕಟ್ಟಳೆ ಇರಲಿ, ಅದು ಅಲ್ಲಿನ ಕಲ್ಲಿನಿಂದಲೇ ಹುಟ್ಟಲಿ. ಏನು ಬೇಕಾದರೂ ಆಗಬಹುದಾದ ಜಾಗದಲ್ಲಿ ಓದುವ ಮಗುವಿಗೆ ಭಯ ಆಗುವುದಿಲ್ಲ. ಕಿಂಡಿಯನ್ನೇ ತಗೊಳ್ಳಿ. ಒಬ್ಬ ಹುಡುಗಿಯ ತಮ್ಮ ಕಲ್ಲಿನ ಮನೆಯೊಳಗೆ ಸಿಕ್ಕಿಕೊಂಡಿದ್ದಾನೆ. ಅಕ್ಕ ಪ್ರತಿ ಅಮಾವಾಸ್ಯೆಗೆ ನುಸುಳಿ ಹೋಗಿ ಅವನಿಗೆ ರೊಟ್ಟಿ ಕೊಟ್ಟು ಬರುತ್ತಾಳೆ. ಅವನು ಬೆಳೆಯುತ್ತಿಲ್ಲ, ಅವಳು ಬೆಳೆಯುತ್ತಿದ್ದಾಳೆ. ಈ ಸಲ ಭುಜ ತರಚಿತು. ಮುಂದಿನ ಸಲ? ಆ ವಯಸ್ಸಿನ ಹುಡುಗಿಗೆ ಇದಕ್ಕಿಂತ ಕತ್ತಲು ಬೇಕಾ? ರಕ್ತ, ತಲೆಬುರುಡೆ ಜಾಸ್ತಿ ತುಂಬಬೇಡಿ.

ಕಥೆಗೆ ಒದಗುವಂಥವು ಇನ್ನೂ ಎರಡಿವೆ. ಬಂಡೆಯ ಮೇಲೆ ನಗಾರಿ ಆಕಾರದ ದೊಡ್ಡ ಕಲ್ಲೊಂದಿದೆ. ಕಟ್ಟಿಗೆಯಿಂದ ಬಡಿದರೆ ಸದ್ದು ಒಂದು ಕಿಲೋಮೀಟರಿಗೂ ಆಚೆ ಕೇಳುತ್ತದೆ. ಹತ್ತಿರದಲ್ಲೇ ನೀರು ನಿಂತ ಹೊಂಡ. ಈ ಮನೆಗಳಿಗೆ ಕಲ್ಲು ಎಬ್ಬಿಸಿದ ಜಾಗವೇ ಅದು. ರಾತ್ರಿ ನಗಾರಿ ತಾನಾಗಿ ಮೊಳಗಿದರೆ ಊರಿನವರು ಬೆಳಗ್ಗೆ ಹೊಸ ಮನೆ ಎಣಿಸಲು ಹೋಗುತ್ತಾರೋ, ಹೊಂಡದ ಆಳ ನೋಡಲು ಹೋಗುತ್ತಾರೋ, ನೀವೇ ಯೋಚಿಸಿ.

ಒಂದು ಬೇಡಿಕೆ. ಮೋರೇರನ್ನು ದೆವ್ವ ಮಾಡಬೇಡಿ. ಆ ಕಲ್ಲಿನ ಮನೆಗಳು ಯಾರೋ ತಮ್ಮವರಿಗಾಗಿ ಕಷ್ಟಪಟ್ಟು ಕಲ್ಲು ಹೊತ್ತು ಕಟ್ಟಿದ ಗೋರಿಗಳು. ಕೆಲವು ಚಪ್ಪಡಿಗಳ ಮೇಲೆ ಈಗಿನವರು ಹೆಸರು ಗೀಚಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಗಾರಿಯನ್ನೂ ಸುಮ್ನೆ ಬಡಿಯಬೇಡಿ.

ಬರುವುದಾದರೆ ಚಳಿಗಾಲದಲ್ಲಿ ಬನ್ನಿ, ಬೆಳಗ್ಗೆ ಬೇಗ ಹತ್ತಿ. ನೀರು ಹೊತ್ತೊಯ್ಯಿರಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ, ಹಾಗಾಗಿ ಊರಿನವರೊಬ್ಬರನ್ನು ಜೊತೆಗೆ ಕರಕೊಳ್ಳಿ. ಅವರ ಮನೆಯಲ್ಲಿ ಅಜ್ಜಿ ಇದ್ದರೆ ಬೆಂಕಿ ಮಳೆಯ ಕಥೆ ಕೇಳದೆ ಹೋಗಬೇಡಿ.